ಮನೆಗೊಂದೇ ಫೋನ್, ಅದರಲ್ಲಿ 14416: ಹದಿಹರೆಯದ ಡಿಜಿಟಲ್ ಆರೋಗ್ಯ ಸೇವೆಗಳನ್ನು ಮುಂಬಯಿಯ ಖೋಲಿಯಲ್ಲಿ ಬಳಸಿ ನೋಡಿದಾಗ

ವಡಾಲಾ ಮತ್ತು ಆಂಟಾಪ್ ಹಿಲ್ ನಡುವಿನ ಬಸ್ತಿಯೊಂದರಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹದಿಹರೆಯದ ಮಕ್ಕಳೊಂದಿಗೆ ಎರಡು ಗಂಟೆ ಕೂರುವುದು ನಿವೃತ್ತಿಯ ನಂತರ ನಾನು ಹಚ್ಚಿಕೊಂಡ ಕೆಲಸ. ಅದಕ್ಕೂ ಮೊದಲು ಇದೇ ನಗರದ ಆಸ್ಪತ್ರೆಗಳಲ್ಲಿ 31 ವರ್ಷ ಶುಶ್ರೂಷಕಿಯಾಗಿ ದುಡಿದಿದ್ದೇನೆ. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರ ತಂದೆ ತಾಯಿ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ನಾಕಾ ಕೆಲಸಕ್ಕೆಂದು, ಅಂದರೆ ದಿನಗೂಲಿಗೆಂದು, ಬಂದು ಇಲ್ಲಿಯೇ ನೆಲೆ ನಿಂತವರು. ಈಚೆಗಷ್ಟೇ ಊರು ಬಿಟ್ಟು ಬಂದು, ಹಗಲು ದುಡಿದು, ರಾತ್ರಿಶಾಲೆಯಲ್ಲಿ ಓದುತ್ತಿರುವ ಕೆಲವು ಹುಡುಗರೂ ಇದ್ದಾರೆ. ಕಳೆದ ಒಂದು ವರ್ಷದಲ್ಲಿ ಈ ಮಕ್ಕಳ ಜೊತೆಗೂಡಿ ನಾನು ಕೆಲವು ಡಿಜಿಟಲ್ ಆರೋಗ್ಯ ಸೇವೆಗಳನ್ನು ಬಳಸಿ ನೋಡಿದೆ. ಮನಸ್ಸಿನ ತೊಂದರೆಗಳಿಗಾಗಿ ಇರುವ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ (ಸಂಖ್ಯೆ 14416), ಮುಟ್ಟಿನ ಲೆಕ್ಕವಿಡುವ ಒಂದು ಖಾಸಗಿ ಆ್ಯಪ್, ಮತ್ತು ನಾವೇ ಕಟ್ಟಿಕೊಂಡ ಒಂದು ವಾಟ್ಸಾಪ್ ಗುಂಪು, ಇವು ಮುಖ್ಯವಾದವು. ಮಗಳಿಗೋ ಮಗನಿಗೋ ಇಂಥದ್ದೊಂದನ್ನು ಹಾಕಿಕೊಡಬೇಕೆಂದಿರುವ ಕನ್ನಡದ ತಂದೆ ತಾಯಿಗಳಿಗೆ ನನ್ನ ಅನುಭವ ಉಪಯೋಗಕ್ಕೆ ಬರಬಹುದೆಂದು ಇದನ್ನು ಬರೆಯುತ್ತಿದ್ದೇನೆ. ಮಕ್ಕಳ ಹಾಗೂ ಅವರ ತಾಯಂದಿರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಕೈಬಿಟ್ಟಿದ್ದೇನೆ.

ಮೊದಲಿಗೆ ನನ್ನ ಅಳತೆಗೋಲು ಯಾವುದೆಂದು ಹೇಳಿಬಿಡುತ್ತೇನೆ. ಆ್ಯಪ್ ಎಷ್ಟು ಚೆನ್ನಾಗಿ ಕಾಣುತ್ತದೆ, ಎಷ್ಟು ಬೇಗ ತೆರೆದುಕೊಳ್ಳುತ್ತದೆ ಎಂಬುದು ನನಗೆ ಮುಖ್ಯವಲ್ಲ. ನಮ್ಮ ಬಸ್ತಿಯ ಖೋಲಿ ಎಂದರೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ; ಮೇಲೊಂದು ಮಾಳಿಗೆ ಇದ್ದರೆ ಅದೇ ಭಾಗ್ಯ. ಐದಾರು ಜನರಿರುವ ಆ ಮನೆಗೆ ಒಂದೇ ಸ್ಮಾರ್ಟ್‌ಫೋನ್. ಹಗಲು ಅದು ಅಪ್ಪನ ಜೇಬಿನಲ್ಲಿ ಇರುತ್ತದೆ; ಸಂಜೆ ತಮ್ಮನ ಆಟಕ್ಕೆ, ಆಮೇಲೆ ಅಕ್ಕನ ಓದಿಗೆ, ಮಲಗುವ ಮುಂಚೆ ಊರಿನ ವಿಡಿಯೋ ಕರೆಗೆ ಹೋಗುತ್ತದೆ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಇದ್ದದ್ದು ಸುಮಾರು ಶೇ. 54ರಷ್ಟು ಮಂದಿಗೆ ಮಾತ್ರ. ತಾಯಿಯ ಸ್ಥಿತಿಯೇ ಹೀಗಿರುವಾಗ ಹದಿಮೂರರ ಮಗಳದ್ದನ್ನು ಕೇಳುವುದೇ ಬೇಡ. ಆದ್ದರಿಂದ ಪ್ರತಿಯೊಂದು ಸೇವೆಗೂ ನಾನು ಹಾಕಿದ ಪ್ರಶ್ನೆ ಒಂದೇ: ಕೈಯಲ್ಲಿರುವ ಫೋನು ಮಗುವಿನದಲ್ಲ, ಮನೆಯದು ಎಂಬ ಸಂಗತಿ ಇದನ್ನು ಮಾಡಿದವರಿಗೆ ತಿಳಿದಿದೆಯೇ?

ಮುಟ್ಟಿನ ಆ್ಯಪಿಗೆ ಅದು ತಿಳಿದಿರಲಿಲ್ಲ. ಅದರ ಹೆಸರನ್ನು ನಾನು ಬರೆಯುವುದಿಲ್ಲ, ಏಕೆಂದರೆ ಈ ದೋಷ ಅದೊಂದರದ್ದೇ ಎಂದು ನನಗೆ ಅನ್ನಿಸುವುದಿಲ್ಲ. ನಮ್ಮ ಗುಂಪಿನ ಒಬ್ಬ ಹುಡುಗಿ, ವಯಸ್ಸು 13, ಮೈನೆರೆದು ಎಂಟು ತಿಂಗಳಾಗಿತ್ತು. ಗೆಳತಿಯರು ಹೇಳಿದರೆಂದು ಮನೆಯ ಫೋನಿನಲ್ಲಿ ಆ ಆ್ಯಪನ್ನು ಹಾಕಿಕೊಂಡು ತನ್ನ ತಾರೀಖುಗಳನ್ನು ಅಚ್ಚುಕಟ್ಟಾಗಿ ತುಂಬುತ್ತಿದ್ದಳು. ಆ್ಯಪ್ ಎಲ್ಲರ ಚಕ್ರವನ್ನೂ 28 ದಿನವೆಂದೇ ಹಿಡಿದು ಎಣಿಸುವಂಥದ್ದು. ಹುಡುಗಿಯ ವಯಸ್ಸನ್ನು ಕೇಳಿತ್ತು, ಕೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದು ಸಂಜೆ ತಮ್ಮ ಆಟವಾಡುತ್ತಿದ್ದಾಗ ಪರದೆಯ ಮೇಲ್ಭಾಗದಲ್ಲಿ ಇಂಗ್ಲಿಷಿನ ಒಂದು ಸೂಚನೆ ಇಳಿದು ಬಂತು: ನಿಮ್ಮ ಮುಟ್ಟು 12 ದಿನ ತಡವಾಗಿದೆ. ಹೊಸದಾಗಿ ಇಂಗ್ಲಿಷ್ ಓದಲು ಕಲಿತ ಉತ್ಸಾಹದಲ್ಲಿ ಅವನು ಅದನ್ನು ಗಟ್ಟಿಯಾಗಿ ಓದಿದ. ಒತ್ತಿದರೆ ಆ್ಯಪ್ ತೆರೆದುಕೊಂಡಿತು; ಅದರೊಳಗೆ ಗರ್ಭ ಪರೀಕ್ಷೆಯ ಕಡ್ಡಿಯೊಂದರ ಜಾಹೀರಾತು, ಪಕ್ಕದಲ್ಲಿ ನಗುವ ಕೂಸಿನ ಚಿತ್ರ. ತಾಯಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಆ ಚಿತ್ರವನ್ನು ಓದಲು ಯಾವ ಭಾಷೆಯೂ ಬೇಕಾಗಿರಲಿಲ್ಲ.

ಮರುದಿನ ತಾಯಿ ಫೋನು ಹಿಡಿದುಕೊಂಡೇ ನನ್ನ ಬಾಗಿಲಿಗೆ ಬಂದರು. "ಅಕ್ಕೋರೆ, ಇದ್ರಾಗ ಏನ್ ಬಂದದ, ಖರೇ ಓದಿ ಹೇಳ್ರಿ" ಎಂದರು. ನಾನು ಓದಿದೆ, ದಿನಗಳನ್ನು ಎಣಿಸಿದೆ. ಕಳೆದ ಮುಟ್ಟಿನ ಮೊದಲ ದಿನದಿಂದ ಅಂದಿಗೆ 41 ದಿನ. ಮೈನೆರೆದ ಮೊದಲ ಒಂದೆರಡು ವರ್ಷ ಅಂಡಾಶಯದ ಕೆಲಸ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಅನೇಕ ತಿಂಗಳು ಅಂಡೋತ್ಪತ್ತಿಯೇ ಆಗುವುದಿಲ್ಲ. ಆ ವಯಸ್ಸಿನಲ್ಲಿ 21ರಿಂದ 45 ದಿನಗಳವರೆಗಿನ ಅಂತರವನ್ನು ವೈದ್ಯಕೀಯವಾಗಿ ಸಹಜವೆಂದೇ ಎಣಿಸುತ್ತಾರೆ. ಒಮ್ಮೆಯಾದರೂ ಅಂತರ 90 ದಿನ ಮೀರಿದರೆ, ರಕ್ತಸ್ರಾವ ಏಳು ದಿನಕ್ಕಿಂತ ಹೆಚ್ಚು ನಡೆದರೆ, ಗಂಟೆ ಎರಡು ಗಂಟೆಗೊಂದು ಪ್ಯಾಡ್ ತೊಯ್ದರೆ ವೈದ್ಯರ ಬಳಿ ಹೋಗಬೇಕು. ಇದನ್ನೆಲ್ಲ ತಾಯಿಗೆ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡರು, ಆದರೆ ಹಿಂದಿನ ರಾತ್ರಿ ಮನೆಯಲ್ಲಿ ಆಗಬಾರದ ಮಾತು ಆಗಿಹೋಗಿತ್ತು. ಎರಡು ದಿನದ ಮೇಲೆ ಹುಡುಗಿ ಮುಟ್ಟಾದಳು. ಅಪ್ಪ ಮಾತ್ರ ಮೂರು ವಾರ ಅವಳೊಡನೆ ಮಾತಾಡಲಿಲ್ಲ.

ಮುಟ್ಟಿನ ಲೆಕ್ಕ ಇಡುವುದು ಒಳ್ಳೆಯ ಅಭ್ಯಾಸ. ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಕೊನೆಯ ಮುಟ್ಟು ಯಾವಾಗ ಎಂಬುದು, ಮತ್ತು ಅದಕ್ಕೆ ಉತ್ತರ ಕೊಡಬಲ್ಲ ಹುಡುಗಿಯರು ಕಡಿಮೆ. ನಾನು ದೂರುವುದು ಲೆಕ್ಕವನ್ನಲ್ಲ. ಹದಿಮೂರರ ಮೈಯನ್ನು ಮೂವತ್ತರ ಮೈಯೆಂದು ತಿಳಿದು ಹೆದರಿಸುವುದನ್ನು, ಅತ್ಯಂತ ಖಾಸಗಿ ಮಾತನ್ನು ಎಲ್ಲರೂ ನೋಡುವ ಪರದೆಯ ಮೇಲೆ ಬಿಚ್ಚಿಡುವುದನ್ನು, ಮಗುವಿನ ಮುಂದೆ ಅಂಥ ಜಾಹೀರಾತು ಇಡುವುದನ್ನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳು. ಅವರ ಮಾಹಿತಿಯನ್ನು ಬಳಸಬೇಕಾದರೆ ತಂದೆ ತಾಯಿಯ ಖಚಿತ ಒಪ್ಪಿಗೆ ಬೇಕು, ಅವರ ನಡೆಯ ಮೇಲೆ ಕಣ್ಣಿಟ್ಟು ಅವರಿಗೆ ಗುರಿಯಿಟ್ಟ ಜಾಹೀರಾತು ತೋರಿಸುವಂತಿಲ್ಲ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಜಾರಿಗೆ ಬರುತ್ತಿವೆ. ಈಗಲೇ ಒಂದು ಮಾತು ಹೇಳಬಲ್ಲೆ: ಮಗಳ ಫೋನಿನಲ್ಲಿ ಇಂಥ ಆ್ಯಪ್ ಇದ್ದರೆ ಮೊದಲು ಅದರ ಸೂಚನೆಗಳನ್ನು ನಿಲ್ಲಿಸಿ. ಚಕ್ರದ ದಿನಗಳನ್ನು ಕೈಯಾರೆ ಬದಲಿಸಲು ಬರುತ್ತದೆಯೇ ನೋಡಿ. ಬಾರದಿದ್ದರೆ ಆ್ಯಪನ್ನೇ ತೆಗೆದುಹಾಕಿ. ನಮ್ಮ ಹುಡುಗಿಯರು ಈಗ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಮೂಲೆಗೆ ಪೆನ್ಸಿಲಿನಿಂದ ಸಣ್ಣ ಚುಕ್ಕಿ ಇಡುತ್ತಾರೆ. ಅದನ್ನು ನೋಡಿ ಅರ್ಥ ಮಾಡಿಕೊಳ್ಳುವವರು ಮನೆಯಲ್ಲಿ ಇಬ್ಬರೇ.

ಇನ್ನು ಟೆಲಿ ಮಾನಸ್. ಆ ಘಟನೆಯ ನಂತರ ಹುಡುಗಿ ಸರಿಯಾಗಿ ಉಣ್ಣಲಿಲ್ಲ, ಶಾಲೆಗೆ ಹೋಗಲೊಲ್ಲೆ ಎಂದಳು, ರಾತ್ರಿ ಎಚ್ಚರವಿದ್ದು ಹಗಲು ಮಲಗತೊಡಗಿದಳು. ನನ್ನ ಅನುಭವಕ್ಕೆ ಅದು ಬರೀ ಮುನಿಸಾಗಿ ಕಾಣಲಿಲ್ಲ. 14416 ಸಂಖ್ಯೆಗೆ ಕರೆ ಮಾಡೋಣವೇ ಎಂದು ಅವಳನ್ನೇ ಕೇಳಿದೆ. ಈ ಸೇವೆ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. ತಂತ್ರಜ್ಞಾನದ ಬೆಂಬಲ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ, ಬೆಂಗಳೂರು ಅವರದು. ದಿನದ 24 ಗಂಟೆಯೂ ಉಚಿತ. ಇಪ್ಪತ್ತು ಭಾಷೆಗಳ ವ್ಯವಸ್ಥೆ ಇದ್ದು ಕರೆ ಮಾಡಿದವರು ತಮ್ಮ ಭಾಷೆ ಆರಿಸಿಕೊಳ್ಳಬಹುದು. ಮೊದಲು ಮಾತಾಡುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ಅವಶ್ಯವೆನಿಸಿದರೆ ಅವರು ತಜ್ಞರ ಕಡೆಗೆ, ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲಕ ನೇರ ಚಿಕಿತ್ಸೆಯ ಕಡೆಗೆ ದಾಟಿಸುತ್ತಾರೆ. ಇದಕ್ಕೆ ಡೇಟಾ ಪ್ಯಾಕ್ ಬೇಡ, ಸ್ಮಾರ್ಟ್‌ಫೋನೂ ಬೇಡ. ಗುಂಡಿ ಒತ್ತುವ ಹಳೆಯ ಫೋನಿನಿಂದಲೂ ಸಾಗುತ್ತದೆ. ನನ್ನ ಅಳತೆಗೋಲಿನಲ್ಲಿ ಇದೊಂದೇ ಗುಣಕ್ಕೆ ಅರ್ಧದಷ್ಟು ಅಂಕ ಕೊಡುತ್ತೇನೆ.

ಫೋನನ್ನು ಅವಳ ಕೈಗೆ ಕೊಟ್ಟು ನಾನು ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತೆ. ಒಳಗೆ ಬಹಳ ಹೊತ್ತು ಸದ್ದಿಲ್ಲ, ಆಮೇಲೆ ಅಳು, ಆಮೇಲೆ ಸಣ್ಣ ದನಿಯಲ್ಲಿ ಮಾತು. ಮುಕ್ಕಾಲು ಗಂಟೆಯ ನಂತರ ಹೊರಬಂದು ಅವಳು ಹೇಳಿದ ಮೊದಲ ಸಂಗತಿ ಇದು: ಆ ಕಡೆಯ ಹೆಣ್ಣುಮಗಳು ಏನಾಯಿತು ಎಂದು ಕೇಳುವ ಮೊದಲೇ, ನೀನೀಗ ಯಾರ ಎದುರಾದರೂ ಇದ್ದೀಯಾ, ನಿರಾಳವಾಗಿ ಮಾತಾಡಬಹುದೇ ಎಂದು ಕೇಳಿದರಂತೆ. ನನಗೆ ತುಂಬ ಸಮಾಧಾನವಾಯಿತು. ನಾನು ಹುಡುಕುತ್ತಿದ್ದ ಅರಿವು ಆ ಒಂದು ಪ್ರಶ್ನೆಯಲ್ಲಿ ಇತ್ತು.

ಭಾಷೆಯ ವಿಷಯದಲ್ಲಿ ನಾನು ಅಂದುಕೊಂಡದ್ದು ತಲೆಕೆಳಗಾಯಿತು. ಹುಡುಗಿ ಕನ್ನಡವನ್ನೇ ಆರಿಸಿಕೊಳ್ಳುತ್ತಾಳೆ ಎಂದು ನಾನು ತಿಳಿದಿದ್ದೆ. ಅವಳು ಆರಿಸಿದ್ದು ಹಿಂದಿ. ಕೇಳಿದಾಗ, "ಕನ್ನಡದಾಗ ಮನಿ ಮಾತ್ ಬರ್ತಾವ, ಮನಸಿನ ಮಾತ್ ಬರಂಗಿಲ್ಲ" ಎಂದಳು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಗೆಳೆತನ, ಜಗಳ, ಗುಟ್ಟು ಎಲ್ಲವೂ ಬಂಬಯ್ಯಾ ಹಿಂದಿಯಲ್ಲಿಯೇ ನಡೆಯುತ್ತವೆ. ಕನ್ನಡ ಅವರಿಗೆ ಅಡುಗೆ, ಹಬ್ಬ, ಬೈಗುಳ ಮತ್ತು ಊರಿನ ಭಾಷೆ. ಆದರೆ ಒಂದು ವಾರದ ನಂತರ ತಾಯಿಯೇ ಮಾತಾಡಬೇಕೆಂದಾಗ ಅವರಿಗೆ ಕನ್ನಡವಲ್ಲದೆ ಬೇರೆ ದಾರಿ ಇರಲಿಲ್ಲ. ಮಗಳು ಏಕೆ ಉಣ್ಣುತ್ತಿಲ್ಲ, ತಾನು ಆಡಿದ ಮಾತು ಅವಳೊಳಗೆ ಏನು ಮಾಡಿದೆ, ಈಗ ಹೇಗೆ ಸರಿಪಡಿಸಬೇಕು ಎಂಬುದನ್ನು ಅವರು ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿಯೇ ಉತ್ತರ ಪಡೆದರು. ಹದಿಹರೆಯದವರಿಗಾಗಿ ಕನ್ನಡ ಸೇವೆ ಬೇಕು ಎಂದು ಸಭೆಗಳಲ್ಲಿ ಮಾತಾಡುವ ನಾವು ಇದನ್ನು ಗಮನಿಸಬೇಕು. ಹೊರನಾಡಿನಲ್ಲಿ ಎಷ್ಟೋ ಸಲ ಆ ಕನ್ನಡ ಬೇಕಾಗಿರುವುದು ಮಗುವಿಗಲ್ಲ, ಮಗುವಿನ ತಾಯಿಗೆ.

ಆ ಮಾತಿಗೆ ಹೊರತಾದವನು ವಿಜಯಪುರದ ಕಡೆಯಿಂದ ಮೂರು ತಿಂಗಳ ಹಿಂದೆ ಬಂದ 17ರ ಹುಡುಗ. ಅವನಿಗೆ ಹಿಂದಿ ಕೇಳಿದರೆ ತಿಳಿಯುತ್ತದೆ, ಆಡಲು ತಡವರಿಸುತ್ತಾನೆ. ತಡವರಿಸಿದರೆ ನಗುತ್ತಾರೆಂದು ಸುಮ್ಮನಿರುತ್ತಾನೆ. ನಿದ್ದೆ ಬಾರದು, ಎದೆ ಹೊಡೆದುಕೊಳ್ಳುತ್ತದೆ ಎಂದು ಎರಡು ಸಲ ವೈದ್ಯರಲ್ಲಿಗೆ ಹೋಗಿ ಶಕ್ತಿಗುಳಿಗೆ ತಂದಿದ್ದ. ಅವನು ಕನ್ನಡ ಆರಿಸಿ ಮಾತಾಡಿದ. ಏನು ಮಾತಾಡಿದನೆಂದು ನಾನು ಕೇಳಲಿಲ್ಲ. ಅವನಾಗಿಯೇ ಹೇಳಿದ್ದು, ಈ ಊರಿಗೆ ಬಂದ ಮೇಲೆ ತನ್ನ ಮಾತನ್ನು ಯಾರೂ ನಡುವೆ ತಡೆಯದೆ ಕೊನೆವರೆಗೆ ಕೇಳಿದ್ದು ಇದೇ ಮೊದಲು ಎಂದು.

ಈ ಸೇವೆಯ ಮಿತಿಯನ್ನೂ ಹೇಳಬೇಕು. ಫೋನಿಗೆ ಮುಖ ಕಾಣುವುದಿಲ್ಲ, ಮಣಿಕಟ್ಟಿನ ಮೇಲಿನ ಗೀರು ಕಾಣುವುದಿಲ್ಲ, ಒಂದು ತಿಂಗಳಲ್ಲಿ ಇಳಿದುಹೋದ ತೂಕ ಕಾಣುವುದಿಲ್ಲ. ಅದು ಮೊದಲ ಮೆಟ್ಟಿಲು. ಮುಂದಿನ ಮೆಟ್ಟಿಲಿಗೆ ಮಗುವಿನ ಕೈಹಿಡಿದು ಕರೆದೊಯ್ಯುವ ಹಿರಿಯರೊಬ್ಬರು ಹತ್ತಿರ ಇರಲೇಬೇಕು. ಇನ್ನೊಂದು, ಮಕ್ಕಳಿಗೆ ನಾನು ಮೊದಲೇ ಹೇಳಿಬಿಡುವ ಮಾತು: ಲೈಂಗಿಕ ದೌರ್ಜನ್ಯದ ಸಂಗತಿಯಾದರೆ 2012ರ ಪೋಕ್ಸೊ ಕಾಯಿದೆಯ ಪ್ರಕಾರ ತಿಳಿದವರು ವರದಿ ಮಾಡಲೇಬೇಕು, ಅಲ್ಲಿ ಗುಟ್ಟಿನ ಭರವಸೆಯನ್ನು ಯಾರೂ ಕೊಡಲಾರರು. ಇದನ್ನು ಮುಚ್ಚಿಟ್ಟು ಮಗುವನ್ನು ಮಾತಿಗೆ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಅಂಥ ಅಪಾಯದ ಹೊತ್ತಿಗೆ 1098 ಮಕ್ಕಳ ಸಹಾಯವಾಣಿ ಇದೆ. ಅದು 1996ರಲ್ಲಿ ಶುರುವಾದದ್ದು ಇದೇ ಮುಂಬಯಿಯಲ್ಲಿ.

ಟೆಲಿ ಮಾನಸ್ ಆ್ಯಪ್ 2024ರ ಅಕ್ಟೋಬರ್ 10ರಂದು ಬಂತು; ಒಂದು ವರ್ಷದ ಮೇಲೆ ಅದಕ್ಕೆ ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳು ಸೇರಿದವು. ಒತ್ತಡದ ಮೊದಲ ಲಕ್ಷಣಗಳನ್ನು ಗುರುತಿಸುವ, ತನ್ನನ್ನು ತಾನು ನೋಡಿಕೊಳ್ಳುವ ಸಲಹೆಗಳು ಅದರಲ್ಲಿವೆ. ಸ್ವಂತ ಫೋನಿರುವ ಕಾಲೇಜು ವಿದ್ಯಾರ್ಥಿಗೆ ನಾನು ಅದನ್ನು ಧಾರಾಳವಾಗಿ ಹೇಳುತ್ತೇನೆ. ಮನೆಗೊಂದೇ ಫೋನಿರುವ ಮಗುವಿಗೆ ಮಾತ್ರ ಸಂಖ್ಯೆಯನ್ನು ಬಾಯಿಪಾಠ ಮಾಡಿಸುತ್ತೇನೆ. ಆ್ಯಪ್ ಪರದೆಯ ಮೇಲೆ ಗುರುತು ಬಿಡುತ್ತದೆ, ಮತ್ತು ನಮ್ಮ ಬಸ್ತಿಯಲ್ಲಿ ಆ ಗುರುತು ನೋಡಿದವರ ಬಾಯಲ್ಲಿ ಬರುವ ಮೊದಲ ಮಾತು "ಠಾಣೆಗೆ ಕಳಿಸಬೇಕೇನು" ಎಂಬುದು. ಠಾಣೆಯ ಮಾನಸಿಕ ಆಸ್ಪತ್ರೆಯ ಹೆಸರನ್ನು ಬೈಗುಳವಾಗಿ ಬಳಸುವುದು ಇಲ್ಲಿ ಎಷ್ಟೋ ಕಾಲದಿಂದ ನಡೆದುಬಂದಿದೆ. ಊರಿನಲ್ಲಿ ಧಾರವಾಡದ ಹೆಸರನ್ನು ಹೀಗೆಯೇ ಬಳಸುತ್ತಿದ್ದರು. ಐದು ಅಂಕಿಯ ಸಂಖ್ಯೆಯೊಂದು ಮನಸ್ಸಿನಲ್ಲಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಟಾಟಾ ಸಮಾಜ ವಿಜ್ಞಾನ ಸಂಸ್ಥೆ ದೇವನಾರಿನಿಂದ 2012ರಿಂದ ನಡೆಸುತ್ತಿರುವ ಐಕಾಲ್ ಎಂಬ ಆಪ್ತಸಮಾಲೋಚನೆಯ ಸೇವೆಯ ಬಗ್ಗೆ ಎರಡೇ ಮಾತು. ಅದರಲ್ಲಿ ಕರೆಯ ಜೊತೆಗೆ ಇಮೇಲ್ ಮತ್ತು ಚಾಟ್ ಕೂಡ ಇದೆ. ದನಿ ಎತ್ತಿದರೆ ಪಕ್ಕದ ಖೋಲಿಗೂ ಕೇಳಿಸುವ ಮನೆಯಲ್ಲಿ ಬರೆದು ಹೇಳಿಕೊಳ್ಳುವ ಅವಕಾಶ ಬಹಳ ದೊಡ್ಡದು. ಹಿರಿಯ ವಯಸ್ಸಿನ ಇಬ್ಬರು ಹುಡುಗಿಯರು ಅದನ್ನು ಬಳಸಿ ಮೆಚ್ಚಿಕೊಂಡಿದ್ದಾರೆ.

ನಮ್ಮ ವಾಟ್ಸಾಪ್ ಗುಂಪು ಹುಟ್ಟಿದ್ದು ನೀಲಿ ಗುಳಿಗೆಗಾಗಿ. ಹದಿಹರೆಯದವರಿಗೆ ವಾರಕ್ಕೊಂದು ಕಬ್ಬಿಣಾಂಶದ ಗುಳಿಗೆ ಕೊಡುವ ಸರ್ಕಾರದ ಕಾರ್ಯಕ್ರಮದ ಈ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಜೊತೆಗೆ ವರ್ಷಕ್ಕೆರಡು ಸಲ ಜಂತುಹುಳುವಿನ ಗುಳಿಗೆ. ಇದರ ಅಗತ್ಯ ಎಷ್ಟೆಂದರೆ, ಅದೇ ಐದನೆಯ ಸಮೀಕ್ಷೆಯಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ. 59.1ರಷ್ಟು, ಹುಡುಗರಲ್ಲಿ ಶೇ. 31.1ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಿಂದಿನ ಸಮೀಕ್ಷೆಗಿಂತ ಎರಡೂ ಹೆಚ್ಚು. ಗುಳಿಗೆ ಶಾಲೆಯಲ್ಲಿ ಸಿಗುತ್ತದೆ, ಆದರೆ ಅನೇಕರು ಅದನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಗಟಾರಕ್ಕೆ ಎಸೆಯುತ್ತಿದ್ದರು. ಕಾರಣ ಕೇಳಿದಾಗ ಹೊಟ್ಟೆ ತೊಳೆಸುತ್ತದೆ, ಮಲ ಕಪ್ಪಾಗುತ್ತದೆ, ಮಕ್ಕಳಾಗದ ಗುಳಿಗೆ ಅಂತೆ ಎಂಬ ಉತ್ತರಗಳು ಬಂದವು.

ಮೊದಲು ನಾನು ಬರಹದ ಸಂದೇಶ ಕಳಿಸುತ್ತಿದ್ದೆ, ಓದಬಲ್ಲವರು ಕಡಿಮೆ. ಈಗ ಒಂದು ನಿಮಿಷದ ಧ್ವನಿ ಸಂದೇಶ ಕಳಿಸುತ್ತೇನೆ, ಭಾನುವಾರ ರಾತ್ರಿ, ತಾಯಂದಿರಿಗೆ, ಅವರದೇ ಆಡುಮಾತಿನಲ್ಲಿ. ಗುಳಿಗೆಯನ್ನು ಉಂಡ ಮೇಲೆ ನುಂಗಬೇಕು. ಅದರ ಹಿಂದೆ ಮುಂದೆ ಒಂದು ತಾಸು ಚಹಾ ಬೇಡ. ನಿಂಬೆ ಹಿಂಡಿದ ನೀರು ಕುಡಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಮಲ ಕಪ್ಪಾದರೆ ಹೆದರಬೇಡಿ. ಪ್ರತಿ ವಾರ ಒಂದೇ ಸಂಗತಿ, ಒಂದಕ್ಕಿಂತ ಹೆಚ್ಚಿಲ್ಲ. ಹುಡುಗಿಯ ಹೆಸರಾಗಲಿ ಯಾರ ರಕ್ತದ ಅಂಕಿಯಾಗಲಿ ಗುಂಪಿನಲ್ಲಿ ಬರಕೂಡದು ಎಂಬ ನಿಯಮ ಇದೆ. ತಾಯಂದಿರು ಆ ಸಂದೇಶವನ್ನು ಅಡುಗೆ ಮಾಡುತ್ತ ಗಟ್ಟಿಯಾಗಿ ಹಾಕಿಕೊಳ್ಳುತ್ತಾರೆ, ಮನೆಮಂದಿಯೆಲ್ಲ ಕೇಳಿಸಿಕೊಳ್ಳುತ್ತಾರೆ. ಹಂಚಿಕೊಂಡ ಫೋನು ಎಂಬುದು ಇಲ್ಲಿ ತೊಡಕಾಗುವ ಬದಲು ಅನುಕೂಲವೇ ಆಯಿತು. ಮುಟ್ಟಿನ ಮಾತು ಒಬ್ಬಳದು, ಗುಳಿಗೆಯ ಮಾತು ಮನೆಯವರೆಲ್ಲರದು. ಯಾವುದನ್ನು ಎಲ್ಲಿ ಹೇಳಬೇಕೆಂಬ ವಿವೇಕ ಫೋನಿನೊಳಗೆ ಇರುವುದಿಲ್ಲ, ಅದನ್ನು ಬಳಸುವವರೇ ತರಬೇಕು.

ಈ ವಿವೇಕವನ್ನು ವಿನ್ಯಾಸದಲ್ಲಿಯೇ ಇಟ್ಟ ಒಂದು ಕೆಲಸ ನೆರೆಯ ಗೋವಾದಲ್ಲಿ ನಡೆದಿದೆ. ಅಲ್ಲಿನ ಸಂಗಾತ್ ಸಂಸ್ಥೆ ಶಾಲಾ ಮಕ್ಕಳಿಗಾಗಿ ಪಾಡ್ ಅಡ್ವೆಂಚರ್ಸ್ ಎಂಬ ಸ್ಮಾರ್ಟ್‌ಫೋನ್ ಆಟವನ್ನು ರೂಪಿಸಿತ್ತು. ಸಮಸ್ಯೆಯನ್ನು ಗುರುತಿಸು, ದಾರಿಗಳನ್ನು ಯೋಚಿಸು, ಒಂದನ್ನು ಮಾಡಿ ನೋಡು ಎಂಬ ಮೂರು ಹಂತಗಳನ್ನು ಅದು ಕಥೆಗಳ ಮೂಲಕ ಕಲಿಸುತ್ತದೆ. ಅದನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನೆ ಬಿಡುವುದಿಲ್ಲ, ಜೊತೆಯಲ್ಲಿ ತರಬೇತಿ ಪಡೆದ ಸಮಾಲೋಚಕರೊಬ್ಬರು ಇರುತ್ತಾರೆ ಎಂಬುದು ನನಗೆ ಬಹಳ ಹಿಡಿಸಿದ ಅಂಶ. ವಾಸ್ಕೋದ ಝುವಾರಿನಗರದಂಥ ಕಡೆ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೆ, ನಮ್ಮ ಮಕ್ಕಳಿಗೆ ಇಂಥದ್ದೇ ಬೇಕು.

ಆ ಹುಡುಗಿ ಈಗ ಶಾಲೆಗೆ ಹೋಗುತ್ತಿದ್ದಾಳೆ. ಕಳೆದ ತಿಂಗಳು ಅವಳ ತಾಯಿ ನನ್ನ ಬಳಿ ಫೋನು ಕೊಟ್ಟು 14416 ಅನ್ನು ಉಳಿಸಿಕೊಡಿ ಎಂದರು. ಯಾವ ಹೆಸರಿನಲ್ಲಿ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ತವರಮನಿ ಅಂತ ಬರೀರಿ, ಅದನ್ನ ಯಾರೂ ತೆಗಿಯಂಗಿಲ್ಲ" ಎಂದರು.